ನಾನು ವಿಮಾನದಲ್ಲಿ ಸತ್ತ ಯುಗಾದಿ

ಹೋದ ತಿಂಗಳು ಹನೂರಿನ ಜೋಳದ ವ್ಯಾಪಾರಿಯೊಬ್ಬರಿಗೆ ಗೋಡೌನು ಬಾಡಿಗೆಗೆ ಕೊಡಿಸಲು ಮಧುವನಹಳ್ಳಿ ರಸ್ತೆಗೆ ಹೋಗಿದ್ದೆ. ಶಟರ್ ಎತ್ತಿದ್ದೇ ತಡ, ಬಿಸಿಲಿಗೆ ಕಾದ ತಗಡಿನ ವಾಸನೆ ಮುಖಕ್ಕೆ ಹೊಡೆಯಿತು. ಅದರ ಅಡಿಯಲ್ಲಿ ಸುಟ್ಟ ಸಕ್ಕರೆಯಂಥ ಇನ್ನೊಂದು ವಾಸನೆ. ನನ್ನ ಕೈ ತಾನಾಗಿಯೇ ಸೊಂಟಕ್ಕೆ ಹೋಗಿ ಬೆಲ್ಟಿನ ಬಕಲ್ಲು ಹುಡುಕಿತು.

“ಯಾಕ್ ಸಿದ್ರಾಜಣ್ಣ, ಒಟ್ಟೆ ನೋವಾ?” ಅಂದರು ವ್ಯಾಪಾರಿ.

“ಇಲ್ಲ ಕಣ್ರಿ. ನಾನು ಸತ್ತಿದ್ದು ಇಲ್ಲೇ,” ಅಂದೆ.

ಅವರು ಗಾಬರಿಯಾದರು. ಬಾಡಿಗೆ ಮಾತು ಆಡುವಾಗ ಇಂಥದ್ದು ಬಾಯಿ ಬಿಡಬಾರದು, ಮಾಲಿನ ಬೆಲೆ ಇಳಿಯುತ್ತದೆ. ಆ ಜಾಗದಲ್ಲಿ ನಿಂತಾಗ ಮಾತ್ರ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ, ಶಿವರಾತ್ರಿ ಕಳೆದ ವಾರ, ಬೆಂಗಳೂರಿನಿಂದ ಒಂದು ಸಿನಿಮಾ ತಂಡ ಕೊಳ್ಳೇಗಾಲಕ್ಕೆ ಬಂದಿತ್ತು. ವಿಮಾನವೊಂದು ಆಕಾಶದಲ್ಲೇ ಕೆಟ್ಟು ಕಡೆಗೆ ಹೊಳೆಯಲ್ಲಿ ಇಳಿಯುವ ಕಥೆ. ಹೊಳೆಗೆ ಸತ್ತೇಗಾಲದ ಕಾವೇರಿ, ವಿಮಾನದ ಒಳಗಿನದಕ್ಕೆಲ್ಲ ಈ ಗೋಡೌನು. ಪೈಲಟ್, ಮಂತ್ರಿ, ಡಾಕ್ಟರು, ಮದುವಣಗಿತ್ತಿ, ಕಳ್ಳ, ಹಾಡುಗಾತಿ ಅಂತ ಹನ್ನೆರಡು ಮಂದಿ ದೊಡ್ಡ ನಟರು. ಅವರ ಹಿಂದೆ ಮೊದಲ ಸಲ ವಿಮಾನ ಹತ್ತಿ ಕಾಶಿಗೆ ಹೊರಟ ಹಳ್ಳಿ ಜನ ನಲವತ್ತು. ಆ ನಲವತ್ತನ್ನು ಒದಗಿಸುವ ಕೆಲಸ ನನ್ನದಾಯಿತು.

ನಾನು ಸತ್ತೇಗಾಲದಲ್ಲಿ ರಸ್ತೆ ಬದಿ ಎಳನೀರು ಕೊಚ್ಚುತ್ತಿದ್ದವನು. ಆಮೇಲೆ ಬಾಡಿಗೆಗೆ ಕುರ್ಚಿ, ಶಾಮಿಯಾನ, ಪಾತ್ರೆ. ಅದೆಲ್ಲ ಇದ್ದ ಮೇಲೆ ಜನವೂ ಇರಲೇಬೇಕಲ್ಲ. ಕರಾರು ಮಾಡುವವರಿಗೆ ನಾನು ಹೇಳುವುದೊಂದೇ: ಎದುರಿನವನು ಯಾವ ಮಾತನ್ನು ಎರಡು ಸಲ ಹೇಳುತ್ತಾನೋ ಅದರಲ್ಲೇ ಅವನ ಜೀವ ಇರುತ್ತದೆ. ಡೈರೆಕ್ಟರ್ ಎರಡು ಸಲ ಹೇಳಿದ ಮಾತು ಕೂದಲಿನದು.

“ನೋಡಿ ಸಿದ್ದರಾಜು, ಕಥೆಯಲ್ಲಿ ಇದೆಲ್ಲ ನಡೆಯೋದು ಒಂದೇ ದಿನ. ನಾವು ತೆಗೆಯೋದು ಒಂದೂವರೆ ತಿಂಗಳು. ಮೊದಲ ದಿನ ಯಾರು ಯಾವ ಸೀಟಲ್ಲಿ, ಯಾವ ಬಟ್ಟೇಲಿ ಕೂತಿರ್ತಾರೋ ಕೊನೆ ದಿನಾನೂ ಹಾಗೇ ಕೂತಿರಬೇಕು. ಕೂದಲು, ಮೀಸೆ, ಗಡ್ಡ ಯಾರೂ ಮುಟ್ಟೋ ಹಾಗಿಲ್ಲ. ಒಬ್ಬರು ಬದಲಾದ್ರೂ ನಲವತ್ತೂ ಜನರನ್ನ ಕಳಿಸಿ ಬೇರೆ ಬ್ಯಾಚ್ ತರಿಸ್ತೀನಿ.”

ನನಗೆ ನಗು ಬಂತು. ನಮ್ಮ ಕಡೆ ಒಬ್ಬ ಗಡ್ಡ ಬಿಟ್ಟಿದ್ದಾನೆ ಅಂದರೆ ಅದು ಮಾದಪ್ಪನ ಹರಕೆ. ಆ ದೇವರ ಬೆಟ್ಟಕ್ಕೆ ಹೋಗಿ ಬೋಳಿಸುವ ದಿನ ಗೊತ್ತಾಗಿಯೇ ಇರುತ್ತದೆ. ಹಾಗಾಗಿ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲೂಕು ಸುತ್ತಿ ಜನ ಆರಿಸುವಾಗ ಗಡ್ಡದವರನ್ನೆಲ್ಲ ಬಾಗಿಲಲ್ಲೇ ತಿರುಗಿಸಿ ಕಳಿಸಿದೆ. ಎಂಥ ಬುದ್ಧಿವಂತ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹೆಂಗಸರ ತುರುಬಿನೊಳಗೂ ಹರಕೆ ಇರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ ಅನ್ನುವುದು ಮಾತ್ರ ಹೊಳೆಯಲಿಲ್ಲ.

ವಿಮಾನ ಅಂದರೆ ಉದ್ದನೆಯ ಪೆಟ್ಟಿಗೆ. ಮರ, ತಗಡು, ಬಿಳಿ ಬಣ್ಣ. ಕೆಳಗೆ ಗಾಳಿ ತುಂಬಿದ ಲಾರಿ ಟ್ಯೂಬುಗಳು. “ಆಕ್ಷನ್” ಅಂದ ಕೂಡಲೇ ಹೊರಗಿನಿಂದ ಎಂಟು ಜನ ಗಳಗಳನ್ನು ಮೀಟಿ ಅಲ್ಲಾಡಿಸುತ್ತಿದ್ದರು. ಕಿಟಕಿಗಳ ಆಚೆ ನೀಲಿ ಬಟ್ಟೆ. ಬೆಳಕು ನುಗ್ಗಬಾರದೆಂದು ಶಟರ್ ಎಳೆಯುವರು, ಸದ್ದಾಗಬಾರದೆಂದು ಫ್ಯಾನ್ ಆರಿಸುವರು. ಆಮೇಲೆ ಯಂತ್ರದಿಂದ ಹೊಗೆ ಬಿಡುವರು. ಆ ಸುಟ್ಟ ಸಕ್ಕರೆಯ ವಾಸನೆ ಅದರದೇ. ಸೀಟ್ ಬೆಲ್ಟಿನ ಬಕಲ್ಲುಗಳು ಎಲ್ಲಿಂದಲೋ ತಂದ ಹಳೇ ಮಾಲು. ಹಾಕುವುದು ಸುಲಭ, ಬಿಡಿಸಲು ಒಬ್ಬ ಸ್ಕ್ರೂ ಡ್ರೈವರ್ ಹಿಡಿದು ಬರಬೇಕು. ನಲವತ್ತು ಜನರನ್ನು ಒಬ್ಬೊಬ್ಬರಾಗಿ ಬಿಚ್ಚಿಕೊಂಡು ಅವನು ಕಡೆಯ ಸಾಲಿಗೆ ಬರುವಷ್ಟರಲ್ಲಿ ಊಟದ ಹೊತ್ತು ಮುಗಿದಿರುತ್ತಿತ್ತು.

ಮೊದಲ ಅಲುಗಾಟಕ್ಕೇ ಯಳಂದೂರಿನವನೊಬ್ಬ ವಾಂತಿ ಮಾಡಿಕೊಂಡು, ಬೆಲ್ಟಿನ ಅಡಿಯಿಂದಲೇ ನುಸುಳಿ ಓಡಿಹೋದ. ಲೆಕ್ಕಕ್ಕೆ ಒಬ್ಬ ಕಡಿಮೆಯಾದ. “ನೀವೇ ಕೂತ್ಕೊಳ್ಳಿ,” ಅಂದರು ಡೈರೆಕ್ಟರ್. ಒಂದು ದಿನದ ಮಟ್ಟಿಗೆ ಅಂತ ಹದಿನಾಲ್ಕನೇ ಸಾಲಿನ ಕಿಟಕಿ ಪಕ್ಕ ಕೂತೆ. ಸೀಟು ಸೀಟಿನ ಫೋಟೋ ಹಿಡಿದು ವ್ಯತ್ಯಾಸ ನೋಡುವ ಶ್ವೇತಾ ಅನ್ನುವ ಹುಡುಗಿ ನನ್ನದೊಂದು ಫೋಟೋ ತೆಗೆದಳು. ಮುಗಿಯಿತು. ಅಲ್ಲಿಂದ ಒಂದೂವರೆ ತಿಂಗಳು ನಾನೂ ಕಾಶಿ ಯಾತ್ರಿಕ.

ನನ್ನ ಪಕ್ಕದ ಸೀಟಿನಲ್ಲಿ ಅಗರದ ಚಿಕ್ಕಮಾದಮ್ಮ. ಐವತ್ತರ ಹತ್ತಿರದ ಹೆಂಗಸು, ಹಿಡಿ ತುಂಬುವ ತುರುಬು, ಗದರಿಸುವಂಥ ಕಣ್ಣು. ಆ ಮುಖ ಡೈರೆಕ್ಟರಿಗೆ ಎಷ್ಟು ಹಿಡಿಸಿತ್ತೆಂದರೆ ಮದುವಣಗಿತ್ತಿಯ ಹಿಂದೆ, ಕ್ಯಾಮೆರಾ ಎತ್ತ ತಿರುಗಿದರೂ ಬೀಳುವ ಜಾಗದಲ್ಲೇ ಕೂರಿಸಿದ್ದರು.

ನಾಲ್ಕು ದಿನದಲ್ಲಿ ನಮಗೆಲ್ಲ ಒಂದು ವಿಷಯ ಅರ್ಥವಾಯಿತು. ದೊಡ್ಡ ನಟರು ಬರುವರು, ಎದೆ ಹಿಡಿದುಕೊಳ್ಳುವರು, ಸಾಯುವರು. ಅವರ ಸೀಟಿನಲ್ಲಿ ಎರಡು ದಿಂಬು ಇಟ್ಟು ಮೇಲೆ ಕಂಬಳಿ ಹೊದಿಸಿದರೆ ಅವರು ಕಾರು ಹತ್ತಿ ಬೆಂಗಳೂರಿಗೆ. ಬದುಕಿ ಉಳಿಯುವವರು ನಾವು. ಬದುಕಿರುವಷ್ಟು ದಿನ ಬಿಡುಗಡೆ ಇಲ್ಲ.

“ಮಂತ್ರಿ ಸತ್ತು ಮನೆಗೋದ ಕಣ್ಲಾ,” ಅನ್ನುವನು ಹಿಂದಿನ ಸಾಲಿನಿಂದ ಹನೂರಿನ ಗೋವಿಂದ. “ಪುಣ್ಯ ಮಾಡಿದ್ದ. ನಮ್ ಸರದಿ ಯಾವಾಗ ಸಿದ್ರಾಜಣ್ಣ? ಶಿಫಾರಸ್ ಮಾಡಿ.”

ನಾನು ಊಟಕ್ಕೆ ಪಲಾವಿನ ಬದಲು ಮುದ್ದೆ ಮಾಡಿಸಿದೆ, ಎರಡು ಹೊತ್ತು ಮಜ್ಜಿಗೆ ಹೇಳಿದೆ. ಸಾಯಿಸುವುದು ಮಾತ್ರ ನನ್ನ ಕೈಲಿರಲಿಲ್ಲ.

ಯುಗಾದಿಗೆ ಇನ್ನು ಹದಿನೈದು ದಿನ. ಒಂದು ಮಧ್ಯಾಹ್ನ ಲೈಟು ಕೈಕೊಟ್ಟಿತು. ಸರಿಮಾಡುವವರೆಗೆ ಬೆಲ್ಟು ಬಿಡಿಸಬೇಡಿ ಅಂದರು. ಒಳಗೆ ಗವ್ವೆನ್ನುವ ಕತ್ತಲು, ನಲವತ್ತು ಜನರ ಬೆವರು, ಯಾರದೋ ಕೆಮ್ಮು. ಮಾದಮ್ಮ ಮೆಲ್ಲಗೆ ಕೇಳಿದಳು.

“ಅಣ್ಣಾ, ಅಮಾಸೆ ದಿನ ಬುಡ್ತಾರಾ?”

“ಆವತ್ತು ಪೈಲಟ್ ರೂಮಿನ ಶೂಟಿಂಗು. ನಮಗೆ ರಜ. ಯಾಕಮ್ಮ?”

“ಬೆಟ್ಟಕ್ಕೋಗ್ಬೇಕು. ಮುಡಿ ಕೊಡ್ಬೇಕು.”

ಕತ್ತಲಲ್ಲಿ ನನ್ನ ಮುಖ ಅವಳಿಗೆ ಕಾಣಲಿಲ್ಲ, ಒಳ್ಳೆಯದಾಯಿತು. “ಯಾರ ಮುಡಿ?” ಅಂದೆ.

“ನಂದೇ ಕಣಣ್ಣಾ. ಇನ್ಯಾರ್ದು?”

ಅವಳ ಗಂಡ ರಾಚಯ್ಯನಿಗೆ ಹಿಂದಿನ ವರ್ಷ ಕರುಳಿನ ಕಾಯಿಲೆಯಾಗಿ ಮೈಸೂರಿನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇಟ್ಟಿದ್ದರಂತೆ. ಡಾಕ್ಟರು ಕೈಬಿಟ್ಟ ದಿನ ಇವಳು ಮಂಗಳಸೂತ್ರ ಹಿಡಿದು ಹೇಳಿಕೊಂಡಿದ್ದಳು: ಈತ ನಡೆದುಕೊಂಡು ಮನೆಗೆ ಬಂದರೆ ಮುಂದಿನ ಯುಗಾದಿ ಅಮಾವಾಸ್ಯೆಗೆ, ಅವನನ್ನೇ ಜೊತೆಗೆ ನಡೆಸಿಕೊಂಡು ಬಂದು, ತಲೆ ತುಂಬ ಮುಡಿ ಕೊಡುತ್ತೇನೆ. ಈತ ನಡೆದುಕೊಂಡೇ ಬಂದ.

“ಮೊದ್ಲೇ ಯಾಕ್ ಏಳ್ಲಿಲ್ಲ ನೀನು?” ನನ್ನ ಬಾಯಲ್ಲೂ ಊರ ಮಾತು ಬಂದುಬಿಟ್ಟಿತು.

“ನೀನ್ ಕೇಳ್ಲೇ ಇಲ್ವಲ್ಲ. ಗಡ್ಡದೋರ್ನ ಕೇಳ್ದೆ.”

ಅವಳು ಬೋಳಿಸಿಕೊಂಡರೆ ನಲವತ್ತು ಜನರ ಕೆಲಸ ಹೋಗುತ್ತದೆ. ಬೋಳಿಸಿಕೊಳ್ಳದಿದ್ದರೆ ರಾಚಯ್ಯನಿಗೆ ನೆಗಡಿಯಾದರೂ ಅವಳು ಬದುಕಿರುವವರೆಗೆ ನನ್ನನ್ನು ಶಪಿಸುತ್ತಾಳೆ. ನನಗೆ ದೇವರ ಹೆದರಿಕೆ ಅಷ್ಟಾಗಿ ಇಲ್ಲ, ಅವಳ ಕಣ್ಣಿನ ಹೆದರಿಕೆ ಇತ್ತು.

ಮೊದಲು ಅವಳ ಹತ್ತಿರವೇ ಚೌಕಾಸಿ ಮಾಡಿದೆ. “ಮುಂದಿನ ಅಮಾಸೆಗೆ ಮಾಡ್ಕಂಡ್ರಾಯ್ತು ಕಣಮ್ಮ. ಶೂಟಿಂಗ್ ಮುಗೀತದೆ. ಮಾದಪ್ಪ ಎಲ್ಲೂ ಓಗಲ್ಲ.”

“ಔದಾ? ಹಂಗಾರೆ ನೀನೇ ಓಗಿ ಮಾತಾಡ್ಕಂಡ್ ಬಾ. ಯವಾರದೋನು ನೀನು. ಅಮಾಸೆ ಬದ್ಲಾಯ್ಸಿ ಅಂತ ಮಾದಪ್ಪನ್ತಾವ ಏಳು.”

ಹಿಂದಿನ ಸಾಲಿನಲ್ಲಿ ಗೋವಿಂದ ಬೆಲ್ಟಿನೊಳಗೇ ಬಿದ್ದು ಬಿದ್ದು ನಕ್ಕ.

ಡೈರೆಕ್ಟರ್ ಹತ್ತಿರ ಹೋದೆ. ಸುಳ್ಳು ಕೂದಲಿನ ಟೋಪನ್ ಹಾಕಿಸೋಣ ಅಂದೆ. “ಅಷ್ಟು ಹತ್ತಿರದ ಶಾಟಲ್ಲಿ ಗೊತ್ತಾಗತ್ತೆ,” ಅಂದರು. ಅವಳನ್ನು ಹಿಂದಿನ ಸಾಲಿಗೆ ಕಳಿಸಿ ಅಂದೆ. “ವಿಮಾನ ಬೀಳ್ತಿರುವಾಗ ಯಾರಾದ್ರೂ ಸೀಟು ಬದಲಾಯಿಸ್ತಾರಾ?” ಅಂದರು. ಆಗ ನನ್ನ ಲೆಕ್ಕದಲ್ಲಿ ಅತಿ ಬುದ್ಧಿವಂತಿಕೆಯ ಮಾತು ತೆಗೆದೆ.

“ಸಾ, ಅವಳನ್ನ ಸಾಯಿಸಿಬಿಡಿ.”

ಅವರು ಟೀ ಲೋಟ ಕೆಳಗಿಟ್ಟರು. ನಾನು ಬಿಡಿಸಿ ಹೇಳಿದೆ. ಯಾತ್ರಿಕರ ಪೈಕಿ ಒಬ್ಬರೂ ಸತ್ತಿಲ್ಲ, ನೋಡುವವರಿಗೆ ನಂಬಿಕೆ ಬರುವುದಿಲ್ಲ. ಈಯಮ್ಮ ಎದೆ ಹಿಡಿದುಕೊಂಡು ಹೋಗಲಿ, ದಿಂಬಿಟ್ಟು ಕಂಬಳಿ ಹೊದಿಸಿ, ಅವಳು ಬೆಟ್ಟಕ್ಕೆ ಹೋಗಲಿ. ಡೈರೆಕ್ಟರ್ ಸ್ವಲ್ಪ ಹೊತ್ತು ಸೂರು ನೋಡಿ, “ಆ ಮುಖ ಸಾಯೋದು... ಚೆನ್ನಾಗಿರತ್ತೆ,” ಅಂದರು.

ಗೆದ್ದೆ ಅಂದುಕೊಂಡು ಬಂದು ಮಾದಮ್ಮನಿಗೆ ಹೇಳಿದೆ. ಅವಳು ನನ್ನನ್ನೇ ನೋಡಿದಳು.

“ಗಂಡ ಉಳೀಲಿ ಅಂತ ಅರಕೆ ಕಟ್ಕಂಡೋಳು ನಾನು. ಅದ್ನ ತೀರ್ಸೋಕ್ ಮುಂಚೆ ನನ್ ಮಕಕ್ಕೆ ಬಟ್ಟೆ ಎಳೀತೀರಾ? ಮೇಲಿಂದ ನೋಡ್ತಾ ಇರೋನು ಏನ್ ತಿಳ್ಕಂಡಾನು? ಈಯಮ್ಮ ಗಂಡನ್ ಬದ್ಲಿಗೆ ತಾನೇ ಒಂಟೋದ್ಲು, ಲೆಕ್ಕ ಚುಕ್ತಾ ಅಂದ್ಕಂಡ್ರೆ?”

“ಅದು ಆಟ ಕಣಮ್ಮ.”

“ಆಟ ಆದ್ರೆ ನೀನ್ ಸಾಯಿ.”

ಹೇಳಿದ್ದು ಬಿರುಸಾಗಿಯೇ. ಆದರೆ ಹೇಳಿದ ಮೇಲೆ ಅವಳೇ ಕಣ್ಣು ಕಿರಿದು ಮಾಡಿ ನನ್ನ ಸೀಟನ್ನೂ ತನ್ನ ಸೀಟನ್ನೂ ಅಳೆದಳು. ಒಳ್ಳೆಯ ವ್ಯಾಪಾರಿಗೆ ಲೆಕ್ಕ ಕೂಡಿದಾಗ ಮುಖ ಹಾಗಾಗುತ್ತದೆ. ಅವಳಲ್ಲಿ ಅದನ್ನು ಕಂಡು ನನಗೆ ಭಯವಾಯಿತು.

“ನೀನ್ ಸತ್ರೆ,” ಅಂದಳು, “ನಾನು ಸೆರಗು ತಲೆ ಮೇಲ್ ಎಳ್ಕಂಡು ನಿನ್ನೆದ್ರು ಬಗ್ಗಿ ಕೂತ್ಕತೀನಿ. ಸತ್ತ ಮನೇಲಿ ಸೆರಗ್ ಒದ್ಕಂಡೋಳ್ನ ಯಾರ್ ಎತ್ತಿ ನೋಡ್ತಾರೆ? ಕೂದ್ಲಿದ್ರೆಷ್ಟು, ಇಲ್ದಿದ್ರೆಷ್ಟು? ಒಂದೇ ಮಾತು. ನಾನ್ ನಿನ್ ಎಂಡ್ತಿ ಆಗಾಕಿಲ್ಲ. ತಂಗಿ. ನೀನು ನನ್ನಣ್ಣ ಅಂತ ಸಾಯ್ಬೇಕು.”

ಇಪ್ಪತ್ತು ವರ್ಷದಿಂದ ಚೌಕಾಸಿಯಲ್ಲೇ ಅನ್ನ ಉಂಡವನಿಗೆ ಅದರಲ್ಲಿ ಒಂದು ಸಂದು ಸಿಗಲಿಲ್ಲ. ಡೈರೆಕ್ಟರಿಗೆ ಹೇಳಿದರೆ ಕುಣಿದಾಡಿಬಿಟ್ಟರು. ಇನ್ನು ನನಗಾದರೂ ಬಿಡುಗಡೆ, ನನ್ನ ಜಾಗದಲ್ಲಿ ದಿಂಬು, ಅಂದೆ.

“ದಿಂಬಿಗೆ ಕೈ ಇರಲ್ವಲ್ಲ ಸಿದ್ದರಾಜು. ಆಕೆ ಅಣ್ಣನ ಕೈ ಹಿಡ್ಕೊಂಡಿರಬೇಕು. ನೀವು ಇರಲೇಬೇಕು.”

ವಿಮಾನದಲ್ಲಿ ಸತ್ತ ಮೇಲೂ ಇಳಿಯಲಾಗದೆ ಉಳಿದವನು ನಾನೊಬ್ಬನೇ.

ಅಮಾವಾಸ್ಯೆಗೆ ಎರಡು ದಿನ ಮುಂಚೆ ಸತ್ತೆ. ಚೆನ್ನಾಗಿಯೇ ಸತ್ತೆ ಅಂತ ಶ್ವೇತಾ ಹೇಳಿದಳು. ಮಾದಮ್ಮ ಮಾತ್ರ ಅಳಲೇ ಇಲ್ಲ. ಸೆರಗು ಎಳೆದುಕೊಂಡು, ಓಡಿಹೋದ ಮೇಕೆ ಕರೆಯುವ ಹಾಗೆ, “ಅಣ್ಣಾ, ಅಣ್ಣಾ,” ಅಂದಳು. ವಿಮಾನವೆಲ್ಲ ನಕ್ಕಿತು. ಡೈರೆಕ್ಟರ್, “ಇರಲಿ, ಆಕೆಗೆ ಶಾಕ್ ಆಗಿದೆ,” ಅಂತ ಬಿಟ್ಟರು. ಮನೆಗೆ ಹೋದರೆ ನನ್ನ ಹೆಂಡತಿ ಬಾಗಿಲಲ್ಲೇ ಬಕೆಟ್ಟು ಹಿಡಿದು ನಿಂತಿದ್ದಳು. “ಎಣ ಆಗಿ ಬಂದೋರು ಮಿಂದ್ಕಂಡೇ ಒಳಕ್ ಬರ್ಬೇಕು.” ಅಲ್ಲಿಂದ ಮುಂದೆ ದಿನಾ ಸಂಜೆ ಅಂಗಳದಲ್ಲಿ ಸ್ನಾನ.

ಅಮಾವಾಸ್ಯೆಯ ಬೆಳಗ್ಗೆ ಮಾದಮ್ಮನನ್ನೂ ರಾಚಯ್ಯನನ್ನೂ ನನ್ನ ವ್ಯಾನಿನಲ್ಲಿ ಹನೂರು, ಕೌದಳ್ಳಿ ದಾಟಿಸಿ ತಾಳಬೆಟ್ಟದ ತನಕ ಬಿಟ್ಟೆ. ಅಲ್ಲಿಂದ ನಡೆಯುವುದು ಅವಳ ಹರಕೆ. ರಾಚಯ್ಯ ಸಣಕಲು ಮನುಷ್ಯ, ಅಂಗಿಯೊಳಗೆ ಅವನು ಎಲ್ಲೋ ಇದ್ದ. ನಾಲ್ಕು ಹೆಜ್ಜೆ ನಡೆದು ನಿಂತ. ಅವಳು ಹಿಂದೆ ತಿರುಗಿ ನೋಡಲಿಲ್ಲ, ಕೈಯನ್ನು ಮಾತ್ರ ಹಿಂದಕ್ಕೆ ಚಾಚಿದಳು. ಅವನು ಹಿಡಿದುಕೊಂಡ.

ಹಬ್ಬ ಕಳೆದು ಶೂಟಿಂಗಿಗೆ ಬಂದಾಗ ಮಾದಮ್ಮನ ತಲೆ ನುಣ್ಣಗೆ, ಕಿವಿಯ ಹಿಂದೆ ಇನ್ನೂ ಗಂಧ. ಶ್ವೇತಾ ಸೆರಗನ್ನು ಎರಡು ಪಿನ್ನು ಹಾಕಿ ಹಣೆಯವರೆಗೆ ಇಳಿಸಿ, ಫೋಟೋ ಹಿಡಿದು ನೋಡಿ, “ಪರ್ಫೆಕ್ಟ್,” ಅಂದಳು. ನನಗೆ ಕಂಬಳಿ ಹೊದಿಸಿದರು. ಬಕಲ್ಲು ಬಿಗಿದರು. ಶಟರ್ ಇಳಿಯಿತು, ಫ್ಯಾನ್ ನಿಂತಿತು, ಸಕ್ಕರೆಯ ಹೊಗೆ ಬಂತು. ಗಳ ಮೀಟತೊಡಗಿದರು. ಮಾದಮ್ಮ ನನ್ನ ಕೈ ತೆಗೆದುಕೊಂಡಳು.

ಆ ದಿನ ಏನಾಯಿತೋ ತಿಳಿಯದು. ಅವಳ ಬೆರಳು ಮೊದಲು ಬಿಗಿಯಾಯಿತು. ಆಮೇಲೆ ಸೆರಗಿನೊಳಗಿಂದ, ಕಂಬಳಿಯ ಈ ಕಡೆಯ ನನಗೊಬ್ಬನಿಗೇ ಕೇಳುವಷ್ಟು ಸಣ್ಣಗೆ, ನಮ್ಮ ಹೆಂಗಸರು ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುತ್ತಾರಲ್ಲ, ಆ ಧಾಟಿಯಲ್ಲಿ ಶುರುಮಾಡಿದಳು.

“ಅಣ್ಣಾ, ನನ್ ಒಡವುಟ್ಟಿದೋನೇ... ಅತ್ತೊಂಬತ್ ದಿನ ಆಸ್ಪತ್ರೆ ಮೆಟ್ಲ ಮೇಲ್ ಕೂತಿದ್ದೆ ಕಣಣ್ಣಾ... ಅಳಬ್ಯಾಡ ಅಪಶಕುನ ಅಂದ್ರು ಕಣಣ್ಣಾ, ಒಂದ್ ದಿನ ಅಳ್ನಿಲ್ಲ ನಾನು... ಆಕಡೆ ಈಕಡೆ ಎಣ ಓಯ್ತಿದ್ವು, ಒಂದೊಂದ್ರ ಕಾಲ್ ನೋಡ್ದೆ ಕಣಣ್ಣಾ, ಅವುನ್ ಕಾಲಾ ಅಂತ...”

ಎದೆಯ ಏರಿಳಿತ ಕಾಣಬಾರದೆಂದು ನಾನು ಉಸಿರು ಹಿಡಿದಿದ್ದೆ. ಬೆವರು ಕಣ್ಣಿಗೆ ಇಳಿಯಿತು, ಒರೆಸುವಂತಿಲ್ಲ. ಕೈ ಬಿಡಿಸಿಕೊಳ್ಳುವಂತಿಲ್ಲ. ಸಮಾಧಾನ ಮಾಡುವಂತಿಲ್ಲ. ಯಾರಿಗೆ ಏನೇ ಕಷ್ಟ ಬಂದರೂ ಎರಡು ಬುದ್ಧಿಮಾತು ಹೇಳದೆ ಇರಲಾರದ ನಾನು, ಅಲ್ಲಿ ಸತ್ತವನು. ಅಣ್ಣನಾಗಿದ್ದಕ್ಕೇ ಹೀಗಾಯಿತೇನೋ. ಗಂಡನೆಂದು ಸತ್ತಿದ್ದರೆ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ನಮ್ಮ ಹೆಣ್ಣುಮಕ್ಕಳು ಕೊಟ್ಟ ಮನೆಯ ಸಂಕಟ ಹೇಳಿಕೊಳ್ಳುವುದು ಅಣ್ಣತಮ್ಮಂದಿರ ಹತ್ತಿರವೇ.

“ಕಟ್” ಅಂದರು. ಅವಳು ನಿಲ್ಲಿಸಲಿಲ್ಲ. ಗಳದವರು ಕೈಬಿಟ್ಟರು, ಟ್ಯೂಬಿನ ಮೇಲೆ ವಿಮಾನ ಮೆಲ್ಲಗೆ ತೂಗಿ ನಿಂತಿತು. ಸ್ಕ್ರೂ ಡ್ರೈವರಿನವನು ಬಂದ ಸದ್ದಾಯಿತು. “ಸುಮ್ಕಿರ್ಲಾ ಒಂದ್ ಗಳಿಗೆ,” ಅಂದ ಹಿಂದಿನಿಂದ ಗೋವಿಂದ. ಮೊದಲ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ನಾನೂ ಕಂಬಳಿ ತೆಗೆಯಲಿಲ್ಲ. ಅವಳಾಗಿ ಕೈ ಬಿಡುವವರೆಗೆ ಸತ್ತೇ ಇದ್ದೆ.

ಅದಾದ ಮೇಲೆ ಇನ್ನೂ ಮೂರು ವಾರ ಹಾಗೆಯೇ ನಡೆಯಿತು. ದಿನಕ್ಕಿಷ್ಟು ಹೇಳಿದಳು. ಬಿಸಿನೀರಿಗೆ ನಿಂತ ಸಾಲು, ಮಾತಾಡಿಸದ ನಾದಿನಿ, ಅವನ ಚಪ್ಪಲಿಯನ್ನು ತಲೆಯಡಿ ಇಟ್ಟುಕೊಂಡು ಮಲಗಿದ್ದು. ಶಟರ್ ಎತ್ತಿದ ಮೇಲೆ ಇಬ್ಬರೂ ಮುದ್ದೆ ಉಣ್ಣುವಾಗ ಆ ಮಾತು ಎತ್ತುತ್ತಿರಲಿಲ್ಲ. ಉಪ್ಪು ಕಡಿಮೆಯಾಯಿತು ಅಂತ ಎಂದಿನಂತೆ ನನ್ನ ಮೇಲೆ ರೇಗುವಳು.

ಸಿನಿಮಾ ಕೊಳ್ಳೇಗಾಲದ ಟಾಕೀಸಿಗೆ ಬಂದ ದಿನ ಎಲ್ಲರೂ ಸೇರಿ ಮ್ಯಾಟಿನಿಗೆ ಹೋದೆವು. ಎರಡೂವರೆ ಗಂಟೆಯ ಚಿತ್ರದಲ್ಲಿ ನಮ್ಮ ಸಾಲು ಕಂಡಿದ್ದು ಎಣಿಸಿ ನಾಲ್ಕು ಸಲ. ನನ್ನದು ಒಂದು ಕೈ ಮಾತ್ರ. ಆ ಕೈಯ ಮೇಲೆ ಬಗ್ಗಿದ ಮಾದಮ್ಮನ ಮುಖ ಪರದೆ ತುಂಬ ಬಂತು. ತುಟಿ ಅಲ್ಲಾಡುತ್ತಿತ್ತು. ಮಾತು ಒಂದೂ ಕೇಳಿಸಲಿಲ್ಲ. ಅದರ ಮೇಲೆ ಪಿಟೀಲು ಹಾಕಿದ್ದರು.

ಹೊರಗೆ ಬಂದ ಮೇಲೆ ಹೆಂಗಸರೆಲ್ಲ ಮಾದಮ್ಮನನ್ನು ಸುತ್ತಿಕೊಂಡರು. ರಾಚಯ್ಯ ನನ್ನ ಪಕ್ಕ ಬಂದು ನಿಂತ.

“ಸಿದ್ರಾಜಣ್ಣ, ಅಲ್ಲಿ ಏನೋ ಏಳ್ತಾ ಇದ್ಲಲ್ಲ ಇವ್ಳು. ಏನದು? ನೀನ್ ಪಕ್ಕದಲ್ಲೇ ಇದ್ದೆ.”

ಡೈರೆಕ್ಟರ್ ಬರೆದುಕೊಟ್ಟಿದ್ದು ಅನ್ನಬಹುದಿತ್ತು. ಸಾವಿರ ಸಲ ಹೀಗೆ ದಾಟಿಕೊಂಡಿದ್ದೇನೆ. ಅವನ ಸಡಿಲವಾದ ಅಂಗಿ ನೋಡಿದೆ.

“ನಾನು ಸತ್ತೋಗಿದ್ದೆ ಕಣಪ್ಪ, ನನ್ನ ಕೇಳ್ಬೇಡ. ಅವ್ಳನ್ನೇ ಕೇಳು. ಮನೆಗೋಗೋವರ್ಗೂ ಕಾಯ್ಬೇಡ. ಈಗ್ಲೇ ಕೇಳು.”

ನಾನು ಜೀವಮಾನದಲ್ಲಿ ಕೊಟ್ಟ ಸಲಹೆಗಳಲ್ಲಿ ಸರಿಯಾಗಿದ್ದು ಅದೊಂದೇ ಇರಬೇಕು. ಬಸ್‌ ಸ್ಟ್ಯಾಂಡಿನ ಎದುರು ಟೀ ಕುಡಿಯುತ್ತ ನೋಡಿದೆ. ಕಲ್ಲು ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಅವನು ಏನೋ ಕೇಳಿದ. ಅವಳು ಮೊದಲು ಅವನ ಭುಜಕ್ಕೆ ಒಂದು ಕೊಟ್ಟಳು. ಆಮೇಲೆ ತಲೆ ತಗ್ಗಿಸಿ ಹೇಳತೊಡಗಿದಳು, ಇನ್ನೂ ಬೆರಳುದ್ದ ಬೆಳೆಯದ ಕೂದಲು ಸೆರಗಿನಿಂದ ಹೊರಗೆ ಇಣುಕುತ್ತಿತ್ತು. ಯಳಂದೂರಿನ ಬಸ್ಸು ಬಂತು, ಅಗರದವರೆಲ್ಲ ನುಗ್ಗಿ ಹತ್ತಿದರು, ಕಂಡಕ್ಟರ್ ಇವರ ಕಡೆ ನೋಡಿ ಎರಡು ಸಲ ಕೂಗಿದ. ಅವರಿಬ್ಬರೂ ಏಳಲಿಲ್ಲ. ಬಸ್ಸು ಹೊರಟುಹೋಯಿತು.